ರಸ್ತೆಗೆ ಬಂದ ದುಡ್ಡು, ಊರಿಗೆ ಬಂದ ಬಸ್ಸು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಯಾರು ಯಾವ ಲೇಖನ ಬರೆಯಬೇಕೆಂದು ಹಂಚಿಕೊಳ್ಳಲು ನಾವು ಸಂಘದ ಕಚೇರಿಯಲ್ಲಿ ಕೂತಿದ್ದ ಸಂಜೆ, ಎಲ್ಲರೂ ಸಂಘದ ಇತಿಹಾಸವನ್ನೇ ಕೇಳುವವರು. ಷೇರು ಬಂಡವಾಳ ಎಷ್ಟಿತ್ತು, ಎಷ್ಟಾಯಿತು. ಸಾಲ ಎಷ್ಟು ಕೊಟ್ಟೆವು, ಎಷ್ಟು ವಸೂಲಾಯಿತು. ಹಿಂದಿನ ಕಟ್ಟೆಯ ಮೇಲೆ ಕೂತಿದ್ದ ಹಿರಿಯ ಸದಸ್ಯರೊಬ್ಬರು ಆಗ ನಡುವೆ ಬಾಯಿ ಹಾಕಿದರು: “ಸಾಲದ ಲೆಕ್ಕ ಆಮ್ಯಾಲ ಬರೀರೆಪ್ಪ. ಮೊದಲ ರಸ್ತಾದ ಲೆಕ್ಕ ಬರೀರಿ. ರಸ್ತಾ ಸರಿ ಇಲ್ಲಂದ್ರ ಹತ್ತಿ ಪ್ಯಾಟಿಗೆ ಹೋಗಂಗಿಲ್ಲ. ಹತ್ತಿ ಹೋಗಲಿಲ್ಲಂದ್ರ ನಿಮ್ಮ ಸಾಲ ಎಲ್ಲಿಂದ ಮುಟ್ತದ?” ಮಾತು ಸಣ್ಣದು, ಆದರೆ ಸುಳ್ಳಲ್ಲ. ಆದ್ದರಿಂದ ಈ ಲೇಖನವನ್ನು ರಸ್ತೆಗೂ ಬಸ್ಸಿಗೂ ಮೀಸಲಿಟ್ಟಿದ್ದೇವೆ. ಮಟಮಾರಿಯಂಥ ಊರಿಗೆ ರಸ್ತೆ ಮಾಡಲು ದುಡ್ಡು ಯಾರ ಕಡೆಯಿಂದ ಬಂತು, ಯಾವ ಕಾಲದಲ್ಲಿ ಬಂತು, ಬಂದ ಮೇಲೆ ಏನಾಯಿತು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆದಿದ್ದೇವೆ.

ನಮ್ಮೂರಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಬೇರೆ ಹಳ್ಳಿಗಳಿಗೆ ಮೊದಲು ಬಂಡಿ ದಾರಿ, ಆಮೇಲೆ ಖಡಿ ರಸ್ತೆ, ಆಮೇಲೆ ಬಸ್ಸು, ಕಡೆಗೆ ಅದೃಷ್ಟವಿದ್ದರೆ ರೈಲು. ನಮಗೆ ಮೊದಲೇ ರೈಲು. ಮದ್ರಾಸ್ ಕಡೆಯಿಂದ ಗುಂತಕಲ್, ಆದವಾನಿ ಮೇಲೆ ಬಂದ ಮದ್ರಾಸ್ ರೈಲ್ವೆ ಕಂಪನಿಯ ಹಳಿಯೂ ಮುಂಬಯಿ ಕಡೆಯಿಂದ ಇಳಿದು ಬಂದ ಜಿ.ಐ.ಪಿ. ಕಂಪನಿಯ ಹಳಿಯೂ ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ಆ ಹಳಿ ತುಂಗಭದ್ರೆಯನ್ನು ದಾಟಿ ನಮ್ಮ ಎರೆ ಹೊಲಗಳ ನಡುವೆಯೇ ಹಾದು ಹೋಯಿತು. ಮುಂಬಯಿಗೂ ಮದ್ರಾಸಿಗೂ ಹೋಗುವ ಟಪಾಲು ನಮ್ಮ ಹೊಲದ ಬದುವಿನ ಮುಂದೆ ಓಡುತ್ತಿತ್ತು. ಆದರೆ ಮಳೆಗಾಲದಲ್ಲಿ ಪಕ್ಕದ ಊರಿಗೆ ಬಂಡಿ ಹೊಡೆಯಲು ದಾರಿ ಇರಲಿಲ್ಲ.

ಇದು ಬರೀ ಅನಾನುಕೂಲದ ಮಾತಲ್ಲ, ಜೀವ ಹೋಗುವ ಮಾತಾಗಿತ್ತು. 1876ರಿಂದ 1878ರವರೆಗಿನ ದೊಡ್ಡ ಬರಗಾಲದಲ್ಲಿ ಮುಂಬಯಿ ಕಡೆಯ ಧಾನ್ಯ ರಾಯಚೂರಿನ ಮೇಲೆಯೇ ತೆಂಕಣಕ್ಕೆ ಇಳಿಯಿತು. ರೈಲು ಮೂಟೆಗಳನ್ನು ನಿಲ್ದಾಣದವರೆಗೆ ತಂದು ಹಾಕಿತು. ಅಲ್ಲಿಂದ ಒಳಗಿನ ಹಳ್ಳಿಗಳಿಗೆ ಮುಟ್ಟಿಸಬೇಕಾದದ್ದು ಎತ್ತಿನ ಬಂಡಿ. ಎತ್ತುಗಳು ಮೇವಿಲ್ಲದೆ ಮೊದಲೇ ಸತ್ತಿದ್ದವು, ಉಳಿದವಕ್ಕೆ ದಾರಿಯಿರಲಿಲ್ಲ. ಬಳ್ಳಾರಿ, ಆದವಾನಿ ಸೀಮೆಯಲ್ಲಿ ಅನ್ನ ಹತ್ತಿರದಲ್ಲಿದ್ದೂ ಜನ ಸತ್ತ ಕಥೆ ಇದೇ. ಸರಕಾರಗಳಿಗೆ ರೈಲಿನ ಹಿಂದೆ ರಸ್ತೆಯೂ ಬೇಕು ಎಂಬ ಬುದ್ಧಿ ಬರಲು ಅಷ್ಟು ಜನ ಸಾಯಬೇಕಾಯಿತೇ ಎಂದು ನಮಗೆ ಅನಿಸುತ್ತದೆ.

ಆಗ ನಾವು ಹೈದರಾಬಾದ್ ಸಂಸ್ಥಾನದವರು. ರಾಯಚೂರು ದೋಆಬ್ 1853ರಲ್ಲಿ ಇಂಗ್ಲಿಷರ ಕೈಗೆ ಹೋಗಿ 1860ರಲ್ಲಿ ಮತ್ತೆ ನಿಜಾಮರ ಕೈಗೆ ಬಂದದ್ದು ಶಾಲೆಯಲ್ಲಿ ಎಲ್ಲರೂ ಓದಿದ್ದೇ. ಸಂಸ್ಥಾನದಲ್ಲಿ ರೈತ ಕಟ್ಟುವ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆ ಸೆಸ್ಸು ಹಾಕುತ್ತಿದ್ದರು. ಅದಕ್ಕೆ ಲೋಕಲ್ ಫಂಡ್ ಎಂದು ಹೆಸರು. ರಸ್ತೆ, ಶಾಲೆ, ದವಾಖಾನೆ ಎಲ್ಲವೂ ಆ ಫಂಡಿನಿಂದಲೇ ಆಗಬೇಕು. ನಮ್ಮ ಅಜ್ಜಂದಿರ ಬಾಯಲ್ಲಿ “ಲೋಕಲ್ ಫಂಡಿನ ರಸ್ತಾ” ಎಂಬ ಮಾತು ಇತ್ತು. ಖಡಿ ಹಾಕದ, ಗರಸು ಚೆಲ್ಲಿದ ದಾರಿಗೆ ಹಾಗೆನ್ನುತ್ತಿದ್ದರು. ಲೆಕ್ಕ ನೋಡಿದರೆ ರೈತ ಕೊಟ್ಟದ್ದು ಸಣ್ಣ ಮೊತ್ತವೇನಲ್ಲ, ಕಂದಾಯದ ಹದಿನಾರನೇ ಒಂದು ಪಾಲು. ಆದರೆ ಆ ದುಡ್ಡನ್ನು ಎಲ್ಲಿ ಖರ್ಚು ಮಾಡಬೇಕೆಂದು ಹೇಳುವ ಅಧಿಕಾರ ರೈತನಿಗೆ ಇರಲಿಲ್ಲ. ಬೋರ್ಡುಗಳಲ್ಲಿ ಕೂತವರು ಅಧಿಕಾರಿಗಳು ಮತ್ತು ಅಧಿಕಾರಿಗಳು ಆರಿಸಿದವರು. ಜಿಲ್ಲಾ ಕಚೇರಿಯಿಂದ ಕಣ್ಣಿಗೆ ಕಾಣುವ ರಸ್ತೆಗೆ ಮೊದಲು ಖಡಿ ಬೀಳುವುದು ಸಹಜ. ಕಂದಾಯ ಎಲ್ಲಾ ಊರಿನದು, ಖಡಿ ಕೆಲವು ಊರಿನದು.

ಬ್ರಿಟಿಷ್ ಇಂಡಿಯಾದಲ್ಲಿ ಮೋಟಾರು ಬಂದ ಮೇಲೆ ಇದೇ ಪ್ರಶ್ನೆ ದೊಡ್ಡದಾಗಿ ಎದ್ದಿತು. 1927ರಲ್ಲಿ ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ರಸ್ತೆ ಮಾಡುವ ಕೆಲಸ ಪ್ರಾಂತಗಳ ಮತ್ತು ಸ್ಥಳೀಯ ಸಂಸ್ಥೆಗಳ ಹಣದ ಶಕ್ತಿಯನ್ನು ಮೀರಿ ಹೋಗುತ್ತಿದೆ, ಇದು ಇಡೀ ದೇಶದ ಕೆಲಸವಾಗಬೇಕು ಎಂದು 1928ರಲ್ಲಿ ಆ ಸಮಿತಿ ವರದಿ ಕೊಟ್ಟಿತು. ಮರುವರ್ಷ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚಿನ ಸುಂಕ ಹಾಕಿ ಕೇಂದ್ರ ರಸ್ತೆ ನಿಧಿ ಸ್ಥಾಪಿಸಿದರು. ರಸ್ತೆಯ ಮೇಲೆ ಓಡುವವನೇ ರಸ್ತೆಗೆ ಕೊಡಬೇಕು ಎಂಬ ತತ್ವ ಅಂದಿನಿಂದ ಬಂದದ್ದು. ತತ್ವ ಒಳ್ಳೆಯದೇ. ಆದರೆ ಬಂಡಿ ಹೊಡೆಯುವ ಊರಿಗೆ ಪೆಟ್ರೋಲಿನ ಎರಡಾಣೆ ಯಾವಾಗ ಮುಟ್ಟಬೇಕು? ಮೋಟಾರು ಇರುವ ಕಡೆ ದುಡ್ಡು, ದುಡ್ಡಿರುವ ಕಡೆ ರಸ್ತೆ, ರಸ್ತೆ ಇರುವ ಕಡೆ ಮೋಟಾರು. ನಾವು ಆ ಸುತ್ತಿನ ಹೊರಗೆ ನಿಂತವರು.

ಬಸ್ಸಿನ ವಿಷಯದಲ್ಲಿ ಮಾತ್ರ ಹೈದರಾಬಾದ್ ಸಂಸ್ಥಾನ ಬೇರೆಯವರಿಗಿಂತ ಮುಂದಿತ್ತು ಎಂಬುದನ್ನು ಹೇಳಲೇಬೇಕು. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯವರೇ ಒಂದು ರಸ್ತೆ ಸಾರಿಗೆ ವಿಭಾಗ ತೆರೆದು 27 ಬಸ್ಸು, 166 ಜನ ಸಿಬ್ಬಂದಿ ಇಟ್ಟುಕೊಂಡು ಓಡಿಸಲು ಶುರು ಮಾಡಿದರು. ಸರಕಾರವೇ ಬಸ್ಸು ಓಡಿಸುವುದು ಆಗ ದೇಶದಲ್ಲಿ ಹೊಸ ಮಾತು. ಮೈಸೂರು ಸರಕಾರ ಇದೇ ಕೆಲಸಕ್ಕೆ ಕೈ ಹಾಕಿದ್ದು 1948ರ ಸೆಪ್ಟೆಂಬರಿನಲ್ಲಿ, 120 ಬಸ್ಸುಗಳೊಂದಿಗೆ. ಅದೇ ಕಾಲದಲ್ಲಿ ರಾಯಚೂರಿನ ಉತ್ತರಕ್ಕೆ ದೇವಸೂಗೂರಿನ ಹತ್ತಿರ ಕೃಷ್ಣಾ ನದಿಗೆ ರಸ್ತೆ ಸೇತುವೆ ಕಟ್ಟುವ ಕೆಲಸ 1933ರಲ್ಲಿ ಆರಂಭವಾಗಿ 1943ರಲ್ಲಿ ಮುಗಿಯಿತು. ಹೈದರಾಬಾದಿನಿಂದ ರಾಯಚೂರಿಗೆ ಮೋಟಾರಿನಲ್ಲಿ ಬರಲು ದಾರಿಯಾಯಿತು. ಆ ಸೇತುವೆಗೆ ಸಂಸ್ಥಾನ ಹತ್ತು ವರ್ಷ ದುಡ್ಡು ಸುರಿಯಿತು. ಅದು ತಪ್ಪೆಂದು ನಾವು ಹೇಳುವುದಿಲ್ಲ, ಇಂದಿಗೂ ಅದನ್ನು ನೋಡಿದರೆ ಹೆಮ್ಮೆಯೆನಿಸುತ್ತದೆ. ರಾಜಧಾನಿಯಿಂದ ಜಿಲ್ಲೆಗೆ ರಸ್ತೆ ಬಂತು, ಜಿಲ್ಲೆಯಿಂದ ಹಳ್ಳಿಗೆ ಬರಬೇಕಾದದ್ದು ಬಾಕಿ ಉಳಿಯಿತು.

1943ರಲ್ಲೇ ನಾಗಪುರದಲ್ಲಿ ಎಲ್ಲಾ ಪ್ರಾಂತಗಳ ಮುಖ್ಯ ಎಂಜಿನಿಯರುಗಳು ಸೇರಿ ಒಂದು ಯೋಜನೆ ಮಾಡಿದರು. ಸಾಗುವಳಿ ಚೆನ್ನಾಗಿರುವ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರ ಇರಬಾರದು ಎಂಬುದು ಅದರ ಗುರಿ. ರಸ್ತೆಗಳನ್ನು ದರ್ಜೆವಾರು ವಿಂಗಡಿಸಿದ್ದೂ ಅಲ್ಲೇ: ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರೆ ಜಿಲ್ಲಾ ರಸ್ತೆ, ಗ್ರಾಮ ರಸ್ತೆ. ಓದುಗರು ಈ ದರ್ಜೆಯ ಮಾತನ್ನು ಸ್ವಲ್ಪ ಗಮನಿಸಬೇಕು, ಯಾಕೆಂದರೆ ಇಂದಿಗೂ ನಮ್ಮ ಗೋಳಿನ ಬೇರು ಅಲ್ಲಿದೆ. ರಾಷ್ಟ್ರೀಯ ಹೆದ್ದಾರಿಗೆ ದೆಹಲಿ ದುಡ್ಡು ಕೊಡುತ್ತದೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗೆ ಲೋಕೋಪಯೋಗಿ ಇಲಾಖೆ. ಗ್ರಾಮ ರಸ್ತೆಗೆ? ಜಿಲ್ಲಾ ಮಟ್ಟದ ಬೋರ್ಡು, ಕೌನ್ಸಿಲ್, ಪರಿಷತ್ತು, ಪಂಚಾಯತಿ—ಕಾಲಕ್ಕೊಂದು ಹೆಸರು. ಹೆಸರು ಯಾವುದಾದರೂ ಕೈಯಲ್ಲಿ ದುಡ್ಡು ಕಡಿಮೆ ಇರುವ ಮನೆಗೇ ಹೆಚ್ಚು ಉದ್ದದ ರಸ್ತೆ ಹಂಚಿಕೆಯಾಗಿದೆ. ಅಣ್ಣತಮ್ಮಂದಿರ ಪಾಲಿನಲ್ಲಿ ದುರ್ಬಲನಿಗೆ ಕಲ್ಲು ಹೊಲ ಬಂದ ಹಾಗೆ.

1948ರ ಸೆಪ್ಟೆಂಬರ್ 17ರ ನಂತರ ಸಂಸ್ಥಾನ ಹೋಯಿತು. ರೈಲ್ವೆಯ ಕೆಳಗಿದ್ದ ಬಸ್ಸುಗಳನ್ನು 1951ರ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯ ಸರಕಾರ ವಹಿಸಿಕೊಂಡಿತು. 1956ರ ನವೆಂಬರ್ 1ಕ್ಕೆ ರಾಯಚೂರು, ಕಲಬುರಗಿ, ಬೀದರ ವಿಶಾಲ ಮೈಸೂರಿಗೆ ಸೇರಿದಾಗ ಈ ಕಡೆಯ ಬಸ್ಸುಗಳೂ ಮೈಸೂರಿನ ಲೆಕ್ಕಕ್ಕೆ ಬಂದವು. 1961ರ ಆಗಸ್ಟ್ 1ರಂದು ರಾಜ್ಯ ರಸ್ತೆ ಸಾರಿಗೆ ನಿಗಮ ಆಯಿತು. ನಿಗಮ ಎಂಬುದಕ್ಕೆ 1950ರ ಕೇಂದ್ರ ಕಾಯ್ದೆಯೇ ಆಧಾರ. ಆ ಕಾಯ್ದೆಯಲ್ಲಿ ನಿಗಮಗಳು ವ್ಯವಹಾರದ ತತ್ವದ ಮೇಲೆ ನಡೆಯಬೇಕೆಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಬಸ್ಸು ಲಾಭ ನಷ್ಟ ನೋಡಬೇಕು. ರಸ್ತೆಗೆ ಲಾಭ ನಷ್ಟವಿಲ್ಲ, ಅದು ಸರಕಾರದ ಖರ್ಚು. ಒಂದೇ ದಾರಿಯ ಮೇಲೆ ಎರಡು ಲೆಕ್ಕದ ಪುಸ್ತಕ. ರಸ್ತೆ ಕೆಟ್ಟರೆ ನಷ್ಟ ಬಸ್ಸಿನ ಪುಸ್ತಕಕ್ಕೆ ಬೀಳುತ್ತದೆ, ರಸ್ತೆಯವರ ಪುಸ್ತಕಕ್ಕೆ ಬೀಳುವುದಿಲ್ಲ. ಸಹಕಾರಿ ಸಂಘ ನಡೆಸುವ ನಮಗೆ ಇದು ಬೇಗ ಅರ್ಥವಾಗುತ್ತದೆ: ಒಬ್ಬ ತಪ್ಪು ಮಾಡಿ ಇನ್ನೊಬ್ಬನ ಖಾತೆಗೆ ಖರ್ಚು ಹಾಕಿದರೆ ತಪ್ಪು ಎಂದಿಗೂ ತಿದ್ದುವುದಿಲ್ಲ.

1959ರ ಕಾಯ್ದೆಯಂತೆ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಬಂದವು. ಟಿ.ಡಿ.ಬಿ. ಎಂದೇ ಹಿರಿಯರೆಲ್ಲ ಕರೆಯುವುದು. ಹಳ್ಳಿ ರಸ್ತೆ ಅವರ ಪಾಲು. ಟಿ.ಡಿ.ಬಿ. ಕೈಯಲ್ಲಿ ಗರಸು ಹಾಕುವಷ್ಟು ದುಡ್ಡಿರುತ್ತಿತ್ತು, ಅಡ್ಡ ಮೋರಿ ಕಟ್ಟುವಷ್ಟು ಇರುತ್ತಿರಲಿಲ್ಲ. ಎರೆ ಭೂಮಿಯ ಗುಣ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗೆ ಹಿಟ್ಟು ನಾದಿದ ಹಾಗೆ. ಕೆಳಗಿನ ಮಣ್ಣು ಉಬ್ಬಿ ಕುಗ್ಗಿ ಮಾಡುವುದರಿಂದ ಮೇಲೆ ಹಾಕಿದ ಗರಸು ಎರಡು ಮಳೆಗಾಲಕ್ಕೆ ಒಳಗೆ ಕೂತುಬಿಡುತ್ತದೆ. ನೀರು ನಿಲ್ಲದ ಹಾಗೆ ಎರಡೂ ಬದಿಗೆ ಕಾಲುವೆ ತೋಡಿ, ಹಳ್ಳ ಬಂದಲ್ಲಿ ಮೋರಿ ಕಟ್ಟಿ, ರಸ್ತೆಯನ್ನು ಹೊಲಕ್ಕಿಂತ ಎತ್ತರಕ್ಕೆ ಏರಿಸಿದರೆ ಮಾತ್ರ ಅದು ರಸ್ತೆ. ಇಲ್ಲದಿದ್ದರೆ ಹೊಲಕ್ಕೆ ಗರಸು ಹೊಡೆದಂತೆ. ಮಸಾರಿ ಸೀಮೆಯ ಅಂದಾಜು ಪಟ್ಟಿ ಹಿಡಿದು ಎರೆ ಸೀಮೆಯಲ್ಲಿ ರಸ್ತೆ ಮಾಡಬಾರದು ಎಂಬುದು ನಮ್ಮ ರೈತರು ಮೊದಲಿಂದ ಹೇಳುತ್ತ ಬಂದ ಮಾತು.

1972ರ ಸುಮಾರಿನ ಬರಗಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಯಲ್ಲಿ ಜನ ರಸ್ತೆ ಬದಿ ಕೂತು ಖಡಿ ಒಡೆದರು. ಗಂಡಸರು, ಹೆಂಗಸರು, ಮಕ್ಕಳು ಕೂಡ. ನಮ್ಮ ತಾಯಂದಿರಲ್ಲಿ ಕೆಲವರಿಗೆ ಆಗ ಒಡೆದ ಖಡಿಯ ಚೂರು ಕಣ್ಣಿಗೆ ಹಾರಿದ್ದು ಇನ್ನೂ ನೆನಪಿದೆ. ಬರಗಾಲದ ದುಡ್ಡಿನಲ್ಲಿ ಆದ ರಸ್ತೆಗಳು ಹೊಟ್ಟೆಗಾಗಿ ಆದವು, ಊರು ಸೇರಲು ಅಲ್ಲ. ಹಲವು ಅರ್ಧಕ್ಕೆ ನಿಂತವು. ಮುಂದೆ 1989ರ ಜವಾಹರ ರೋಜಗಾರ ಯೋಜನೆ, 2006ರಲ್ಲಿ ಮೊದಲ ಹಂತದಲ್ಲೇ ನಮ್ಮ ರಾಯಚೂರು ಜಿಲ್ಲೆಗೆ ಬಂದ ರಾಷ್ಟ್ರೀಯ ಉದ್ಯೋಗ ಖಾತ್ರಿ, ಇವೆರಡರಲ್ಲೂ ಮಣ್ಣಿನ ಕೆಲಸ ಹೇರಳವಾಗಿ ಆಯಿತು. ಖಾತ್ರಿಯಲ್ಲಿ ನೂರಕ್ಕೆ ಅರವತ್ತು ಕೂಲಿಗೆ, ನಲವತ್ತಕ್ಕೆ ಮೀರದಂತೆ ಸಾಮಗ್ರಿಗೆ ಎಂಬ ಲೆಕ್ಕ. ಹೊಲದ ದಾರಿಗಳಿಗೆ ಅದು ಉಪಕಾರವಾಯಿತು ಎನ್ನಲೇಬೇಕು, “ನಮ್ಮ ಹೊಲ ನಮ್ಮ ದಾರಿ”ಯ ಹೆಸರಿನಲ್ಲಿ ಆದವನ್ನು ನೋಡಿದ್ದೇವೆ. ಆದರೆ ಬಸ್ಸು ಓಡುವ ರಸ್ತೆಗೆ ಕೂಲಿಗಿಂತ ಸಾಮಗ್ರಿಯೇ ಹೆಚ್ಚು ಬೇಕು.

ನಡುವೆ ಒಂದು ಒಳ್ಳೆಯ ಕಾಲ ಬಂದು ಹೋಯಿತು. 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದವು. ಎಂಟರಿಂದ ಹನ್ನೆರಡು ಸಾವಿರ ಜನಕ್ಕೆ ಒಂದು ಮಂಡಲ. ಹೆಂಗಸರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲ ಅದು. ಬೋರು ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದರು. ಅಧಿಕಾರ ಹಳ್ಳಿಗೆ ಕೊಟ್ಟದ್ದಕ್ಕೂ ಒಂದು ಹೆಸರು ಇಡಬೇಕಿತ್ತು. ರಸ್ತೆಯ ಕ್ರಿಯಾಯೋಜನೆ ಮಾಡುವವನು ಆಗ ನಮ್ಮ ಕಟ್ಟೆಯ ಮೇಲೆ ಕೂಡುವ ಮನುಷ್ಯ. “ನಮ್ಮ ಓಣಿ ಯಾಕ ಬಿಟ್ಟಿ?” ಎಂದು ಎದುರಿಗೇ ಕೇಳಬಹುದಿತ್ತು. 1992ರಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ 73ನೇ ತಿದ್ದುಪಡಿ, 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಗ್ರಾಮ ಪಂಚಾಯತಿಗಳು ಗಟ್ಟಿಯಾದವು ನಿಜ. ಆದರೆ ಗ್ರಾಮ ರಸ್ತೆಗೆ ಒಡೆಯನಾದ ಜಿಲ್ಲಾ ಪಂಚಾಯತಿಗೆ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಒಡೆಯನಿಲ್ಲದ ಮನೆಯ ಮಾಳಿಗೆ ಸೋರಿದರೆ ಯಾರನ್ನು ಕೇಳಬೇಕು?

1995–96ರ ಕೇಂದ್ರ ಬಜೆಟ್ಟಿನಲ್ಲಿ ಆದ ಒಂದು ಏರ್ಪಾಡು ನಮ್ಮಂಥ ಸಹಕಾರಿಗಳಿಗೆ ಗೊತ್ತಿರಬೇಕಾದದ್ದು. ವಾಣಿಜ್ಯ ಬ್ಯಾಂಕುಗಳು ಕೃಷಿ ಮುಂತಾದ ಆದ್ಯತಾ ರಂಗಕ್ಕೆ ಇಷ್ಟು ಸಾಲ ಕೊಡಲೇಬೇಕೆಂದು ನಿಯಮ. ಕೊಡದೆ ಬಾಕಿ ಉಳಿಸಿದ ಮೊತ್ತದಿಂದ ನಬಾರ್ಡಿನಲ್ಲಿ ಒಂದು ಗ್ರಾಮೀಣ ಮೂಲಸೌಕರ್ಯ ನಿಧಿ ಮಾಡಿದರು, ಮೊದಲ ವರ್ಷ 2,000 ಕೋಟಿ ರೂಪಾಯಿ. ಅದರಿಂದ ರಾಜ್ಯಗಳಿಗೆ ಸಾಲ. ಮೊದಲು ನೀರಾವರಿಗೆ, ಬರಬರುತ್ತ ಹಳ್ಳಿ ರಸ್ತೆ ಮತ್ತು ಸೇತುವೆಗಳಿಗೆ. ಅಂದರೆ ರೈತನಿಗೆ ಸಾಲವಾಗಿ ಸಿಗಬೇಕಾಗಿದ್ದ ದುಡ್ಡು ಸುತ್ತು ಹಾಕಿ ಅವನ ಊರಿಗೆ ಸೇತುವೆಯಾಗಿ ಬರುತ್ತದೆ. ಸೇತುವೆ ಬೇಡ ಅನ್ನುವವರು ಯಾರು? ಆದರೂ ನಮ್ಮ ಸಂಘದ ಬಾಗಿಲಿಗೆ ಬಂದು ಸಾಲ ಸಿಗದೆ ವಾಪಸು ಹೋದವರ ಮುಖ ನೋಡಿದವರಿಗೆ ಇದರಲ್ಲಿ ಸ್ವಲ್ಪ ನಗುವೂ ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

ನಮ್ಮ ಸಂಘದ ವಯಸ್ಸೂ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ವಯಸ್ಸೂ ಹೆಚ್ಚು ಕಡಿಮೆ ಒಂದೇ. 2000ರ ಡಿಸೆಂಬರ್ 25ರಂದು ಆ ಯೋಜನೆ ಶುರುವಾಯಿತು. ಸಾವಿರ ಜನ ಮೀರಿದ ಊರಿಗೆ ಮೊದಲು, ಐನೂರು ಮೀರಿದ ಊರಿಗೆ ಆಮೇಲೆ ಎಲ್ಲಾ ಕಾಲಕ್ಕೂ ಓಡಾಡುವ ರಸ್ತೆ. ಡೀಸೆಲ್ ಮೇಲಿನ ಸೆಸ್ಸಿನಿಂದ ದುಡ್ಡು. 1929ರ ಎರಡಾಣೆಯ ತತ್ವ ಎಪ್ಪತ್ತು ವರ್ಷದ ಮೇಲೆ ಹಳ್ಳಿಗೆ ಇಳಿಯಿತು. ಮೊದಲು ಪೂರ್ತಿ ದುಡ್ಡು ಕೇಂದ್ರದ್ದು. 2015–16ರಿಂದ ಕೇಂದ್ರ ಅರವತ್ತು, ರಾಜ್ಯ ನಲವತ್ತು. ಈ ಯೋಜನೆಯಲ್ಲಿ ನಮಗೆ ಹಿಡಿಸಿದ ಒಂದು ಕರಾರು ಇದೆ: ರಸ್ತೆ ಮಾಡಿದ ಗುತ್ತೇದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಗುತ್ತೇದಾರರ ಹೆಸರು, ಉದ್ದ, ಖರ್ಚು ಬರೆದ ಹಳದಿ ಫಲಕ ರಸ್ತೆಯ ತುದಿಗೆ ನಿಲ್ಲಿಸುತ್ತಾರೆ. ಓದು ಬಂದ ಹುಡುಗರು ಅದನ್ನು ಓದಿ ಲೆಕ್ಕ ಹಾಕುತ್ತಾರೆ. ಆದರೆ ಐದು ವರ್ಷ ಮುಗಿದ ಮರುದಿನ? ಅಲ್ಲಿಂದ ಮುಂದೆ ದುರಸ್ತಿ ರಾಜ್ಯದ ಪಾಲು, ಜಿಲ್ಲಾ ಪಂಚಾಯತಿಯ ಪಾಲು. ಹೊಸ ರಸ್ತೆಗೆ ಶಂಕುಸ್ಥಾಪನೆ ಉಂಟು, ಕಲ್ಲು ಉಂಟು, ಫೋಟೋ ಉಂಟು. ಗುಂಡಿ ಮುಚ್ಚುವುದಕ್ಕೆ ಯಾರೂ ತೆಂಗಿನಕಾಯಿ ಒಡೆಯುವುದಿಲ್ಲ.

ಇದನ್ನು ನಾವು ಅನುಭವಿಸಿ ಬರೆಯುತ್ತಿದ್ದೇವೆ. ಒಂದು ವರ್ಷ ಮುಂಗಾರು ಜೋರಾಗಿ ಹಳ್ಳದ ಅಡ್ಡ ಮೋರಿಯ ಒಂದು ಬದಿ ಕುಸಿಯಿತು. ನಾಲ್ಕು ಬಂಡಿ ಕಲ್ಲು, ಹತ್ತು ಚೀಲ ಸಿಮೆಂಟಿನ ಕೆಲಸ. ನಾವು ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆವು. ರಸ್ತೆ ತಮ್ಮದಲ್ಲ ಎಂದರು. ಇನ್ನೊಂದು ಕಚೇರಿಯಲ್ಲಿ, ರಸ್ತೆ ತಮ್ಮದೇ, ದುರಸ್ತಿ ಬಾಬಿನಲ್ಲಿ ದುಡ್ಡಿಲ್ಲ, ಹೊಸ ಕಾಮಗಾರಿಯಲ್ಲಿ ಹಾಕಿಸಿಕೊಳ್ಳಿ ಎಂದರು. ಅಷ್ಟರಲ್ಲಿ ಬಸ್ಸು ನಿಂತಿತು. ಚಾಲಕನದೇನೂ ತಪ್ಪಿಲ್ಲ, ಐವತ್ತು ಜನರ ಜೀವ ಅವನ ಕೈಯಲ್ಲಿ. ಹಾಗೆ ನಿಂತ ಬಸ್ಸು ದೀಪಾವಳಿಯವರೆಗೆ ಬರಲಿಲ್ಲ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಮೂವರು ಆ ಗಡುವಿನಲ್ಲಿ ಶಾಲೆ ಬಿಟ್ಟರು. ಗೊಬ್ಬರದ ಲಾರಿ ಹಳ್ಳದ ಆಚೆಯೇ ನಿಂತು, ಚೀಲಗಳನ್ನು ಟ್ರ್ಯಾಕ್ಟರಿಗೆ ಬದಲಾಯಿಸಿ ತರಬೇಕಾಯಿತು. ಆ ಹಮಾಲಿ ಖರ್ಚನ್ನು ಚೀಲದ ಮೇಲೆ ಹಾಕದೆ ಸಂಘವೇ ಹೊತ್ತುಕೊಂಡಿತು. ಆ ವರ್ಷದ ವಾರ್ಷಿಕ ಸಭೆಯಲ್ಲಿ ಇದರ ಮೇಲೆ ಗದ್ದಲವಾದದ್ದು ಸದಸ್ಯರಿಗೆ ನೆನಪಿರಬಹುದು. ಕಡೆಗೆ ಬಸ್ಸು ಶುರುವಾದಾಗ ಜನ ಟಂಟಂ ಹತ್ತುವ ರೂಢಿ ಮಾಡಿಕೊಂಡಿದ್ದರು. ಬಸ್ಸು ಖಾಲಿ ಓಡಿತು. ಖಾಲಿ ಓಡಿದ ಬಸ್ಸಿಗೆ ಕಿಲೋಮೀಟರಿನ ಆದಾಯ ಕಮ್ಮಿ ಎಂದು ಒಂದು ಸರದಿ ತೆಗೆದರು. ಹತ್ತು ಚೀಲ ಸಿಮೆಂಟು ಹೊತ್ತಿಗೆ ಸರಿಯಾಗಿ ಬಾರದ್ದರಿಂದ ಇಷ್ಟೂ ಆಯಿತು.

ಬಸ್ಸಿನ ಹೆಸರೂ ಈ ಅವಧಿಯಲ್ಲಿ ಬದಲಾಗುತ್ತ ಬಂತು. 2000ದಲ್ಲಿ ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿಟ್ಟು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ಸಾರಿಗೆಯಾಯಿತು. ಬೋರ್ಡು ಬದಲಾದರೂ ನಮಗೆ ಬೇಕಾದದ್ದು ಎರಡೇ: ಮುಂಜಾನೆ ಶಾಲೆಯ ಹೊತ್ತಿಗೆ ಒಂದು, ರಾತ್ರಿ ಊರಲ್ಲೇ ನಿಂತು ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸು ಒಂದು. ವಸ್ತಿ ಬಸ್ಸಿದ್ದರೆ ಹೆರಿಗೆ ನೋವು ಬಂದವರಿಗೆ, ಮಾರ್ಕೆಟ್ಟಿಗೆ ಕಾಯಿಪಲ್ಲೆ ಒಯ್ಯುವವರಿಗೆ ಧೈರ್ಯ. ಎದುರಿಗೆ ರೈಲು ನಿಲ್ದಾಣ ಇದೆಯಲ್ಲ ಎಂದು ಹೊರಗಿನವರು ಕೇಳುತ್ತಾರೆ. ರೈಲು ನಮ್ಮ ಶಾಲೆಯ ಗಂಟೆ ನೋಡಿ ಓಡುವುದಿಲ್ಲ. ದೂರದ ಎಕ್ಸ್‌ಪ್ರೆಸ್ಸುಗಳು ದೂಳೆಬ್ಬಿಸಿಕೊಂಡು ಹೋಗುತ್ತವೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತಾಗ ಹಳಿ ಇದ್ದೂ ಇಲ್ಲದಂತಾದದ್ದನ್ನು ಕಂಡಿದ್ದೇವೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಶೂನ್ಯ ದರದ ಟಿಕೆಟ್ಟು ಬಂತು. ಅದರ ಹಣ ನಿಗಮಕ್ಕೆ ರಾಜ್ಯ ಸರಕಾರ ತುಂಬಿಕೊಡಬೇಕು. ಈ ಬಗ್ಗೆ ಊರಲ್ಲಿ ಎರಡು ಮಾತಿದೆ. ಸೀಟು ಸಿಗುವುದಿಲ್ಲ ಎಂದು ಗಂಡಸರು ಗೊಣಗುತ್ತಾರೆ. ನಾವು ಇದನ್ನು ಬೇರೆ ಕಡೆಯಿಂದ ನೋಡುತ್ತೇವೆ. ಹಿಂದೆ “ನಿಮ್ಮ ಮಾರ್ಗಕ್ಕೆ ಜನ ಇಲ್ಲ” ಎಂದು ಹೇಳಿ ಬಸ್ಸು ತೆಗೆಯುತ್ತಿದ್ದರು. ಈಗ ಎಷ್ಟು ಜನ ಹೆಣ್ಣುಮಕ್ಕಳು ಹತ್ತಿದರೆಂಬುದು ಕಂಡಕ್ಟರನ ಮಷೀನಿನಲ್ಲೇ ಸಿಗುತ್ತದೆ. ಜನ ಇದ್ದರು, ಕೈಯಲ್ಲಿ ದುಡ್ಡು ಇರಲಿಲ್ಲ, ಅಷ್ಟೇ.

ಹಿಂದುಳಿದ ಸೀಮೆಯ ವಿಶೇಷ ದುಡ್ಡಿನ ಮಾತು ಹೇಳದಿದ್ದರೆ ಈ ಇತಿಹಾಸ ಪೂರ್ತಿಯಾಗದು. 1981ರಲ್ಲಿ ಧರ್ಮಸಿಂಗ್ ಸಮಿತಿಯ ವರದಿ, 1991ರ ಕಾಯ್ದೆಯಂತೆ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಮಂಡಳಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ತೋರಿಸಿ, ಎಂಟು ವರ್ಷದಲ್ಲಿ 31,000 ಕೋಟಿ ಖರ್ಚು ಮಾಡಬೇಕೆಂದು ಹೇಳಿತು. ನಮ್ಮ ಜಿಲ್ಲೆಯ ದೇವದುರ್ಗ, ಮಾನ್ವಿ, ಲಿಂಗಸುಗೂರು, ಸಿಂಧನೂರು ಅತಿ ಹಿಂದುಳಿದ ಪಟ್ಟಿಯಲ್ಲಿವೆ. ರಾಯಚೂರು ತಾಲ್ಲೂಕು ಆ ಪಟ್ಟಿಯಲ್ಲಿಲ್ಲ. ದೇವದುರ್ಗದವರ ಕಷ್ಟ ನಮಗಿಂತ ದೊಡ್ಡದು, ಅವರಿಗೆ ಮೊದಲು ಸಿಗಲಿ. ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ತಾಲ್ಲೂಕಿನ ಸರಾಸರಿ ತೆಗೆಯುವಾಗ ರಾಯಚೂರು ಶಹರದ ಆಸ್ಪತ್ರೆ, ಕಾಲೇಜು, ಬ್ಯಾಂಕು, ಟಾರು ರಸ್ತೆ ಎಲ್ಲವೂ ಮಟಮಾರಿಯ ಲೆಕ್ಕಕ್ಕೂ ಸೇರಿಬಿಡುತ್ತವೆ. ಶಹರದ ನೆರಳಿನಲ್ಲಿ ಹಳ್ಳಿಯ ಬಡತನ ಕಾಣುವುದಿಲ್ಲ. ನೆರಳು ಬೀಳುವಷ್ಟು ಹತ್ತಿರ ಇದ್ದೇವೆ, ಬೆಳಕು ಬೀಳುವಷ್ಟು ಇಲ್ಲ.

ಬಹಳ ವರ್ಷದ ಹೋರಾಟದ ಮೇಲೆ 2013ರಲ್ಲಿ ಸಂವಿಧಾನಕ್ಕೆ 371(ಜೆ) ಸೇರಿತು, ಪ್ರದೇಶಾಭಿವೃದ್ಧಿ ಮಂಡಳಿ ಹೊಸದಾಗಿ ಬಂತು. 2019ರಲ್ಲಿ ಸೀಮೆಯ ಹೆಸರೇ ಕಲ್ಯಾಣ ಕರ್ನಾಟಕವಾಯಿತು. 2023–24ರ ಬಜೆಟ್ಟಿನಲ್ಲಿ ಮಂಡಳಿಗೆ 5,000 ಕೋಟಿ ಘೋಷಿಸಿದರು. ಈ ದುಡ್ಡಿನಲ್ಲಿ ರಸ್ತೆಗಳು ಆಗಿವೆ, ಇಲ್ಲವೆನ್ನಲಾಗದು. ಆದರೆ ಇಲ್ಲಿಯೂ ಶಾಸಕರ, ಮಂಡಳಿಯ, ಅಧಿಕಾರಿಗಳ ಪಟ್ಟಿ ಮೇಲಿನಿಂದ ಇಳಿಯುತ್ತದೆ. ಗ್ರಾಮಸಭೆಯಲ್ಲಿ ಬರೆಸಿದ ಪಟ್ಟಿ ಮೇಲೆ ಹತ್ತುವುದು ಅಪರೂಪ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಗ್ರಾಮ ಪಂಚಾಯತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ ಅರವತ್ತು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಹಾಕಿದ್ದು. ಉಳಿದ ನಲವತ್ತರಲ್ಲಿ ಬೀದಿ ದೀಪ, ಓಣಿ, ಚರಂಡಿ, ರಸ್ತೆ ಎಲ್ಲವೂ. ಬಸ್ಸು ಬರುವ ರಸ್ತೆಯ ಗುಂಡಿ ಮೊದಲು ಕಣ್ಣಿಗೆ ಬೀಳುವುದು ಗ್ರಾಮ ಪಂಚಾಯತಿಗೆ. ಆದರೆ ಊರ ಹೊರಗಿನ ಆ ರಸ್ತೆ ಅದರದಲ್ಲ.

ಈ ನೂರೈವತ್ತು ವರ್ಷದ ಲೆಕ್ಕದಲ್ಲಿ ಒಂದಾಣೆ ಸೆಸ್ಸು, ಎರಡಾಣೆ ಪೆಟ್ರೋಲು, ಬರಗಾಲದ ಕೂಲಿ, ಬ್ಯಾಂಕಿನ ಬಾಕಿ, ಡೀಸೆಲಿನ ಸೆಸ್ಸು, ಮಂಡಳಿಯ ಕೋಟಿ ಎಲ್ಲವೂ ಬಂದಿವೆ. ಎಲ್ಲವೂ ರಸ್ತೆ ಮಾಡಲು ಬಂದದ್ದು. ಪ್ರತಿ ವರ್ಷ ಮೃಗಶಿರಾ ಮಳೆಗೆ ಮುಂಚೆ ಬದಿ ಕಾಲುವೆ ಕಡಿಯಲು, ಮೋರಿಯ ಬಾಯಿ ಬಿಡಿಸಲು, ಅಂಚಿನ ಗರಸು ಕೂಡಿಸಲು ಎಂದೇ ತೆಗೆದಿಟ್ಟ ಒಂದು ಸಣ್ಣ ಗಂಟು ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ಹಿಂದೆ ಲೋಕೋಪಯೋಗಿ ರಸ್ತೆಗಳಲ್ಲಿ ಸಲಿಕೆ ಬುಟ್ಟಿ ಹಿಡಿದ ಗ್ಯಾಂಗಿನವರು ಇರುತ್ತಿದ್ದರು. ಮೈಲಿಗಲ್ಲಿಗೆ ಸುಣ್ಣ ಬಳಿಯುವುದೂ ಅವರೇ, ಗುಂಡಿ ಮುಚ್ಚುವುದೂ ಅವರೇ. ಅಂಥ ಇಬ್ಬರು ಮನುಷ್ಯರು ನಮ್ಮ ರಸ್ತೆಗಿದ್ದಿದ್ದರೆ ಆ ವರ್ಷ ಮೋರಿ ಕುಸಿಯುತ್ತಿರಲಿಲ್ಲ ಎಂದು ನಮ್ಮ ಗಟ್ಟಿ ನಂಬಿಕೆ.

ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂತು. ಸಂಘದ ಲಾಭದಲ್ಲಿ ಸಾರ್ವಜನಿಕ ಕಾರ್ಯಕ್ಕೆ ತೆಗೆದಿಡುವ ಮೊತ್ತದಿಂದ ಬದಿ ಕಾಲುವೆಯ ಕೆಲಸಕ್ಕೆ ಏನಾದರೂ ಕೊಡಬಹುದೇ ಎಂದು ಒಬ್ಬರು ಕೇಳಿದರು. ಸರಕಾರ ಮಾಡುವ ಕೆಲಸಕ್ಕೆ ನಮ್ಮ ದುಡ್ಡು ಯಾಕೆ ಎಂದು ಇನ್ನೊಬ್ಬರು. ಎರಡೂ ಮಾತಿನಲ್ಲಿ ನ್ಯಾಯವಿದೆ. ನಿರ್ಣಯ ಆಗಿಲ್ಲ, ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಇಡಲಾಗುವುದು.

ಸದಸ್ಯರ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಲೋಕಲ್ ಫಂಡಿನ ಪಾವತಿ, ನಿಜಾಮರ ಕಾಲದ ಬಸ್ ಟಿಕೆಟ್ಟು, ಟಿ.ಡಿ.ಬಿ. ಕಾಗದ, ಬರಗಾಲದ ಕೆಲಸದ ಮಸ್ಟರ್ ರೋಲು ಏನಾದರೂ ಉಳಿದಿದ್ದರೆ ದಯಮಾಡಿ ಸಂಘದ ಕಚೇರಿಗೆ ತಂದು ತೋರಿಸಬೇಕಾಗಿ ವಿನಂತಿ. ಝೆರಾಕ್ಸ್ ಮಾಡಿಸಿಕೊಂಡು ಮೂಲ ಪ್ರತಿಯನ್ನು ಅದೇ ದಿನ ಹಿಂತಿರುಗಿಸುತ್ತೇವೆ.